ತತ್ತಿಯ ಬುಟ್ಟಿ, ಸ್ಕೂಟರಿನ ಚಾವಿ

ದನದ ದವಾಖಾನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಕಳೆದ ವಾರ ಮನೆಗೆ ಬಂದಿದ್ದರು. "ಅಕ್ಕಾರ, ಈ ಕೋಳಿ ಕೆಲಸದಾಗ ಭಾಳ ಕಷ್ಟ ಅಂದ್ರ ಯಾವುದ್ರಿ?" ಎಂದು ಕೇಳಿದರು. ಬಿಸಿಲಲ್ಲಿ ಹಳ್ಳಿ ತಿರುಗುವುದು, ಮೇಲಿನವರ ಬೈಗಳು, ಸಂಜೆ ಹೊತ್ತು ಅಟ್ಟ ಹತ್ತಿ ಕೋಳಿ ಹಿಡಿಯುವುದು ಅಂತೇನೋ ಹೇಳುತ್ತೇನೆ ಅಂದುಕೊಂಡಿದ್ದರು. ನಾನು "ಸುಮ್ಮನ ಕುಂದ್ರೋದು" ಎಂದೆ. ಇಬ್ಬರೂ ನಕ್ಕರು. ಅವರಿಗೆ ಅರ್ಥವಾಗಲಿಲ್ಲ ಅನ್ನುವುದು ಖಾತ್ರಿಯಾಗಿ, ಇವತ್ತು ಇದನ್ನು ಬರೆಯಲು ಕೂತೆ. ಕೂತೆ ಅನ್ನುವುದೂ ಪೂರ್ತಿ ನಿಜವಲ್ಲ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಎದ್ದು ಹಿತ್ತಲಿಗೆ ಹೋಗಿ ಬಂದಿದ್ದೇನೆ. ಯಾಕೆಂದು ಆಮೇಲೆ ಹೇಳುತ್ತೇನೆ.

ನಾನು ಅನ್ನಪೂರ್ಣ. ಪಶು ಪರೀಕ್ಷಕಿಯಾಗಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಎಲ್ಲ ಸುತ್ತಿ ಕೊನೆಗೆ ಗಂಗಾವತಿಯಲ್ಲಿ ನಿವೃತ್ತಳಾದೆ. ದನ, ಎಮ್ಮೆ, ಕುರಿ ಎಲ್ಲವನ್ನೂ ನೋಡಿದ್ದೇನೆ. ಆದರೆ ಜನ ನನ್ನನ್ನು ಕರೆದದ್ದು 'ಕೋಳಿ ಅಕ್ಕಾರು' ಎಂದೇ. ಮನೆಯಲ್ಲೇ ಜವಾರಿ ಕೋಳಿಯ ತತ್ತಿಗೆ ಕಾವು ಕೊಟ್ಟು ಮರಿ ಮಾಡಿಸುವುದನ್ನು ಹೆಣ್ಣುಮಕ್ಕಳಿಗೆ ಹೇಳಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಚಿಕ್ಕಂದಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡವಳು ನಾನು, ಒಂದು ಕಡೆ ಐದು ನಿಮಿಷ ನಿಂತವಳಲ್ಲ. ಅಂಥವಳಿಗೆ ಇಪ್ಪತ್ತೊಂದು ದಿನ ಕಾಯುವ ಕೆಲಸ. ನಮ್ಮ ಹಿರೇಮಠ ಡಾಕ್ಟರು ನನ್ನನ್ನು ನೋಡಿದಾಗಲೆಲ್ಲ, "ಅನ್ನಪೂರ್ಣಾ, ನಿಮಗ ಟಪಾಲು ಹಂಚೋ ಕೆಲಸ ಕೊಡಬೇಕಿತ್ತು ನೋಡ್ರಿ, ತಪ್ಪಿ ನಮ್ಮಲ್ಲಿ ಬಂದೀರಿ" ಅನ್ನುತ್ತಿದ್ದರು.

ನಾನು ಸೇರಿದಾಗ ಮಷೀನು ಗಿಷೀನು ಏನೂ ಇರಲಿಲ್ಲ. ಕಾವಿಗೆ ಬಂದ ಕೋಳಿಯೇ ಮಷೀನು. ಗರಿ ಉಬ್ಬಿಸಿಕೊಂಡು, ಕೈ ಹಾಕಿದರೆ ಕೊರ್ ಎಂದು ಕುಕ್ಕುವ ಕೋಳಿಯನ್ನು ಗುರುತಿಸಬೇಕು. ಬುಟ್ಟಿಗೆ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, ತತ್ತಿ ಇಟ್ಟು ಅದನ್ನು ಕೂಡಿಸಬೇಕು. ಬೂದಿ ಯಾಕೆಂದರೆ ಹೇನು ಆಗಬಾರದು. ಇಷ್ಟೂ ನಾವು ಹೇಳುವ ಮೊದಲೇ ಹೆಂಗಸರಿಗೆ ಗೊತ್ತಿತ್ತು. ಅವರು ಇನ್ನೂ ಒಂದನ್ನು ಸೇರಿಸುತ್ತಿದ್ದರು. ತತ್ತಿಗಳ ನಡುವೆ ಒಂದು ಕಬ್ಬಿಣದ ತುಂಡು, ಒಂದು ಇದ್ದಿಲು, ಎರಡು ಒಣ ಮೆಣಸಿನಕಾಯಿ. ಗುಡುಗಿದರೆ ತತ್ತಿ ಕೆಡುತ್ತವೆ, ಕಬ್ಬಿಣ ಇದ್ದರೆ ಗುಡುಗು ತಾಗುವುದಿಲ್ಲ ಎಂದು ನಂಬಿಕೆ. ಒಮ್ಮೆ ಇಟ್ಟ ಕಬ್ಬಿಣವನ್ನು ಮರಿ ಹೊರಬರುವವರೆಗೆ ತೆಗೆಯುವಂತಿಲ್ಲ. ನಾನು ಆಗ ಹೊಸ ಬಿಸಿ ರಕ್ತದವಳು, ಕಂಡಕಂಡಲ್ಲಿ ಮೆಣಸಿನಕಾಯಿ ತೆಗೆಸುತ್ತಿದ್ದೆ. ನಾನು ಓಣಿ ದಾಟುವುದರೊಳಗೆ ಅವು ಮತ್ತೆ ಬುಟ್ಟಿ ಸೇರುತ್ತಿದ್ದವು.

ಮುಂದೆ ಬಲ್ಬಿನ ಪೆಟ್ಟಿಗೆ ಬಂತು. ಲಸಿಕೆ ಬರುವ ಥರ್ಮೋಕೋಲ್ ಪೆಟ್ಟಿಗೆಗೆ ಒಂದು ಬಲ್ಬು, ಒಂದು ಥರ್ಮಾಮೀಟರು, ಒಂದು ಬಟ್ಟಲು ನೀರು. ಕುಷ್ಟಗಿಯಲ್ಲಿ ಒಂದು ಮನೆಗೆ ನಾನೇ ಇದನ್ನು ಮಾಡಿಕೊಟ್ಟು ಬಂದೆ. ಮೂರನೆಯ ದಿನ ಅಲ್ಲಿಂದ ಫೋನು, ಕೂಡಲೇ ಬರ್ರಿ ಎಂದು. ಹೋದರೆ ಮನೆಮಂದಿಯೆಲ್ಲ ಕಟ್ಟೆಯ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಯಾರೋ ಹೋದರು ಅಂತಲೇ ಅಂದುಕೊಂಡೆ. ಹೋದವರು ಯಾರೂ ಇಲ್ಲ. ಮನೆಯ ಅಜ್ಜಿ ಪದ್ಧತಿ ಬಿಡಬಾರದೆಂದು ಮೆಣಸಿನಕಾಯಿಯನ್ನು ದಾರದಲ್ಲಿ ಪೆಟ್ಟಿಗೆಯೊಳಗೆ ಕಟ್ಟಿದ್ದಳು. ಅದು ಬಲ್ಬಿಗೆ ತಾಗಿ ಕಮರಿ, ಮುಚ್ಚಳ ತೆಗೆದ ಕೂಡಲೇ ಘಾಟು ಮನೆಯೆಲ್ಲ ತುಂಬಿತ್ತು. ಅಜ್ಜಿ ಕೆಮ್ಮುತ್ತಲೇ, "ಗುಡುಗು ಬರ್ಲಿಲ್ಲಲ್ಲ, ಮತ್ತ?" ಎಂದಳು. ನಾನು ಅಲ್ಲಿಂದ ಒಂದು ರಾಜಿ ಕಲಿತೆ. ಕಬ್ಬಿಣ, ಇದ್ದಿಲು ಏನಿದ್ದರೂ ಪೆಟ್ಟಿಗೆಯ ಹೊರಗಿಡಿ, ಒಳಗೆ ಬೇಡ ಅನ್ನತೊಡಗಿದೆ.

ಯಲಬುರ್ಗಾದ್ದು ಇನ್ನೊಂದು ಕಥೆ. ಅಲ್ಲಿಯ ಒಬ್ಬ ನಿವೃತ್ತ ಮಾಸ್ತರು ತರಿಸಿದ್ದು ತನ್ನಷ್ಟಕ್ಕೆ ತಾನೇ ತತ್ತಿ ಹೊರಳಿಸುವ ಮಷೀನು. ಮನೆಗೆ ಬಂದವರಿಗೆಲ್ಲ ಮೊದಲು ನೀರು, ಆಮೇಲೆ ಚಹಾ, ಅದಾದ ಮೇಲೆ ಮಷೀನಿನ ಮುಚ್ಚಳ ತೆಗೆದು ತೋರಿಸುವುದು. ಒಳಗಿನ ತೇವ ಎಲ್ಲ ಅತಿಥಿ ಸತ್ಕಾರದಲ್ಲಿ ಹಾರಿಹೋಯಿತು. ಕೊನೆಯ ದಿನ ಮರಿಗಳು ತತ್ತಿಗೆ ತೂತು ಮಾಡಿ, ಒಳಪೊರೆ ಒಣಗಿ, ಹೊರಬರಲಾಗದೆ ಕೂಗುತ್ತಿದ್ದವು. ಮಾಸ್ತರ ಕರುಳು ತಡೆಯಲಿಲ್ಲ. ಕೈಯಾರೆ ಸಿಪ್ಪೆ ಬಿಡಿಸಿ ಒಂದೊಂದನ್ನೇ ಹೊರಗೆ ತೆಗೆದರು. ರಕ್ತನಾಳ ಇನ್ನೂ ಪೊರೆಗೆ ಅಂಟಿದ್ದವು, ಸಂಜೆಗೆ ಒಂದೂ ಉಳಿಯಲಿಲ್ಲ. "ನಾನು ಸಹಾಯ ಮಾಡಿದ್ನಲ್ರಿ" ಎಂದು ಆ ದೊಡ್ಡ ಮನುಷ್ಯ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡದ್ದು ನನಗೆ ಇವತ್ತಿಗೂ ಸಂಕಟ. ಅವರ ಜಾಗದಲ್ಲಿ ನಾನಿದ್ದರೆ ಅರ್ಧ ದಿನ ಮೊದಲೇ ಬಿಡಿಸಿರುತ್ತಿದ್ದೆ.

ಈಗ ಮರಳಿ ಅನ್ನುವ ಹಳ್ಳಿಯ ಹನಮವ್ವನ ಮಾತಿಗೆ ಬರುತ್ತೇನೆ. ಹುಡುಗಿಯರಿಗೆ ನಾನು ಹೇಳಬೇಕಾದದ್ದು ಇದೊಂದೇ.

ಹನಮವ್ವ ನನಗಿಂತ ಒಂದು ಹತ್ತು ವರ್ಷ ದೊಡ್ಡವಳು. ನೆಲ್ಲಿನ ನಾಟಿಗೆ, ಕಳೆಗೆ ಕೂಲಿ ಹೋಗುವವಳು. ಅವಳ ಹಿತ್ತಲಲ್ಲಿದ್ದದ್ದು ಕಾಲಿಗೆ ಗರಿ ಇರುವ ಕೋಳಿ. ಹಿಮ್ಮಡಿಯವರೆಗೆ ಗರಿ ಇಳಿದು, ನಡೆದರೆ ಗೆಜ್ಜೆ ಕಟ್ಟಿದ ಹಾಗೆ ಕಾಣುತ್ತಿದ್ದವು. ಊರವರು ಅವನ್ನು 'ಗೆಜ್ಜಿ ಕೋಳಿ' ಅನ್ನುತ್ತಿದ್ದರು. ಅವಳ ತವರಿನ ಕಡೆ ಒಂದು ಪದ್ಧತಿ ಇತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬುಟ್ಟಿಯಲ್ಲಿ ಒಂದು ಹ್ಯಾಟಿಯನ್ನು, ಅಂದರೆ ಇನ್ನೂ ತತ್ತಿ ಇಡಲು ಶುರುಮಾಡದ ಹೆಣ್ಣು ಕೋಳಿಯನ್ನು, ಜೊತೆಗೆ ಕೊಡುವುದು. ಅದು ಅವಳದೇ. ಗಂಡ, ಅತ್ತೆ ಯಾರೂ ಅದರ ತತ್ತಿಗೆ ಕೈ ಹಾಕುವಂತಿಲ್ಲ. ಹನಮವ್ವನ ತವರಿನಲ್ಲಿ ಈಗ ದೀಪ ಹಚ್ಚುವವರೂ ಇಲ್ಲ. "ನಮ್ಮವ್ವಂದು ಅಂತ ಉಳದಿದ್ದು ಈ ಕೋಳಿ ಒಂದ ನೋಡ್ರಿ" ಅನ್ನುತ್ತಿದ್ದಳು. ಅವಳಿಗೆ ಇಬ್ಬರೂ ಗಂಡುಮಕ್ಕಳು. "ಹೆಣ್ಣ ಹಡೀಲಿಲ್ಲ, ಇದನ್ನ ಯಾರಿಗಿ ಕೊಡ್ಲಿ" ಎಂದು ಕೊರಗುತ್ತಿದ್ದಳು.

ನನ್ನ ನಿವೃತ್ತಿಯ ವರ್ಷ, ಎರಡನೇ ಬೆಳೆಯ ನಾಟಿ ನಡೆದಾಗ ನಾವು ಮರಳಿಗೆ ಲಸಿಕೆ ಹಾಕಲು ಹೋದೆವು. ಹನಮವ್ವ ಗದ್ದೆಯಲ್ಲಿದ್ದಳು, ಅವಳ ಕೋಳಿಗಳು ಕಾಲುವೆಯ ಏರಿ ಸೇರಿದ್ದವು, ಅವಕ್ಕೆ ಲಸಿಕೆ ತಪ್ಪಿತು. ಬೇಸಿಗೆಗೆ ಕೊಕ್ಕರೆ ರೋಗ ಬಂತು. ಮೊದಲು ಕತ್ತು ತಿರುಚಿಕೊಂಡು ಒಂದು ಬಿತ್ತು, ವಾರದೊಳಗೆ ಹಿತ್ತಲು ಖಾಲಿಯಾಯಿತು. ಉಳಿದದ್ದು ಮೂಲೆಯಲ್ಲಿ ಕಾವಿಗೆ ಕೂತಿದ್ದ ಒಂದೇ ಕೋಳಿ. ನಾನು ಹೋದ ದಿನ ಅದೂ ಬುಟ್ಟಿಯಲ್ಲೇ ತಲೆ ಇಟ್ಟು ಸತ್ತಿತ್ತು. ಅದರ ಹೊಟ್ಟೆಯ ಕೆಳಗೆ ತತ್ತಿಗಳು ಇನ್ನೂ ಬೆಚ್ಚಗಿದ್ದವು.

ಕತ್ತಲು ಕೋಣೆಯಲ್ಲಿ ಒಂದೊಂದನ್ನೇ ಟಾರ್ಚಿಗೆ ಹಿಡಿದು ನೋಡಿದೆ. ಕೆಲವು ಗೊಡ್ಡು. ಏಳರಲ್ಲಿ ಕೆಂಪು ನರ ಹರಡಿ, ನಡುವೆ ಕಪ್ಪಗೆ ಮಿಸುಕಾಡುತ್ತಿತ್ತು. "ಅದಾವೇನ್ರಿ ಅಕ್ಕಾರ?" ಎಂದಳು ಹನಮವ್ವ, ಬಾಗಿಲ ಹೊರಗಿಂದಲೇ. ಒಳಗೆ ಬರಲು ಅವಳಿಗೆ ಧೈರ್ಯವಿರಲಿಲ್ಲ. "ಅದಾವ" ಎಂದೆ.

ಕಚೇರಿಯಲ್ಲಿ ದೊಡ್ಡ ಮಷೀನು ಇತ್ತು. ಒಂದೇ ಉಸಿರಿಗೆ ಹೋಗಿ ಹಿರೇಮಠ ಡಾಕ್ಟರಿಗೆ ಹೇಳಿದೆ. ಅವರು ತಲೆ ಎತ್ತದೆ, "ಬ್ಯಾಡ" ಎಂದರು. ನಾನು ದನಿ ಏರಿಸಿದೆ. "ಅನ್ನಪೂರ್ಣಾ, ಆ ಮಷೀನ್ದಾಗ ನಾಲ್ಕು ಊರಿನ ತತ್ತಿ ಅದಾವ. ಒಂದು ಮನಿ ರೋಗ ನಾಲ್ಕು ಊರಿಗಿ ಹಂಚಾಕ ನಿಮಗ ಮನಸ್ಸೈತೇನು?" ಎಂದರು. ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದೇ ನನಗೆ ಸಿಟ್ಟು ಬಂದದ್ದು. ಬಾಗಿಲ ತನಕ ಬಂದಾಗ ಹಿಂದಿನಿಂದ ಕರೆದರು. "ಆಕಿ ಮನಿಯಾಗ ಬ್ಯಾರೆ ಪೆಟಗಿ ಮಾಡಿಕೊಡ್ರಿ. ಬ್ಯಾರೆ ಕೋಳಿ ಹತ್ರ ಹೋಗಬಾರದು ಅಷ್ಟ. ಹುಟ್ಟಿದ್ರ ಛಲೋ ಆತು."

ಪೆಟ್ಟಿಗೆ ಮಾಡಿದೆವು, ಬಲ್ಬು ಹಚ್ಚಿದೆವು. ದಿನಕ್ಕೆ ಮೂರು ಸಲ ಹೊರಳಿಸಲು ಹನಮವ್ವನಿಗೆ ಹೇಳಿ, ನಾನು ದಿನಾ ಹೋಗಿ ಬರುತ್ತಿದ್ದೆ. ಇನ್ನು ಒಂದೇ ವಾರ ದಾಟಬೇಕಿತ್ತು. ಆಗ ಕೊಯ್ಲಿನ ಹೊತ್ತಿನ ಆ ಸುಡುಗಾಡು ಗಾಳಿ ಮಳೆ ಬಂತು. ಕಂಬಗಳು ಉರುಳಿದವು, ಊರಿನ ಟ್ರಾನ್ಸ್‌ಫಾರ್ಮರು ಸುಟ್ಟಿತು. ಕರೆಂಟು ಯಾವಾಗ ಬರುತ್ತದೋ ಹೇಳುವವರಿಲ್ಲ. ಮರುದಿನ ಬೆಳಿಗ್ಗೆ ನಾನು ಹೋದಾಗ ಹನಮವ್ವ ಪೆಟ್ಟಿಗೆಗೆ ಕೌದಿ ಹೊದಿಸಿ, ಬಿಸಿನೀರಿನ ಬಾಟಲಿ ಇಟ್ಟು, ಮಗ್ಗುಲಲ್ಲೇ ಕೂತಿದ್ದಳು. ಒಂದು ತತ್ತಿ ತೆಗೆದು ಕಣ್ಣಿನ ರೆಪ್ಪೆಗೆ ಹಚ್ಚಿದೆ. ಕೈಗೆ ತಿಳಿಯದ ತಂಪು ರೆಪ್ಪೆಗೆ ತಿಳಿಯುತ್ತದೆ. ತಣ್ಣಗಾಗುತ್ತಿತ್ತು.

ನಿಂತಲ್ಲಿ ನಿಲ್ಲಲಾಗದೆ ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ಗಂಗಾವತಿ ದಾರಿಯ ಅಕ್ಕಿ ಮಿಲ್ಲಿನ ಬಾಯ್ಲರು ಆಗ ನೆನಪಾಯಿತು. ಕರೆಂಟು ಇಲ್ಲದೆ ಮಿಲ್ಲು ನಿಂತರೂ, ಹೊಟ್ಟು ಉರಿಸುವ ಬಾಯ್ಲರಿನ ಗೋಡೆ ಬೇಗ ಆರುವುದಿಲ್ಲ. ತತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಕೌದಿ ಹೊದಿಸಿ ಹನಮವ್ವನ ತೊಡೆಯ ಮೇಲೆ ಕೊಟ್ಟು, ಅವಳನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹೊರಟೆ. ದಾರಿಯ ತಗ್ಗೊಂದೊಂದಕ್ಕೂ ಹಿಂದಿನಿಂದ, "ಸಾವಕಾಶ ರೀ, ಸಾವಕಾಶ" ಎಂಬ ದನಿ.

ಬಾಯ್ಲರು ನೋಡಿಕೊಳ್ಳುವ ಖಾಸಿಂಸಾಬನ ಆಡು ಕುರಿಗಳಿಗೆ ನಾನು ಔಷಧ ಹಾಕಿದ್ದೆ, ಪರಿಚಯವಿತ್ತು. ವಿಷಯ ಕೇಳಿ ಅವನು ಬುಟ್ಟಿಯೊಳಗೆ ಇಣುಕಿದ. "ಇದು ನೆಲ್ಲು ಬೇಯಿಸೋ ಜಾಗಾರಿ ಅಕ್ಕಾರ. ತತ್ತಿ ಬೇಯಿಸ್ಕೊಂಡು ಹೋದೀರಿ, ಉಪ್ಪು ಖಾರ ತಂದೀರೇನು?" ಎಂದ. ಹನಮವ್ವನ ಮುಖ ನೋಡಿ ಕೂಡಲೇ, "ಫಿಕರ್ ಮಾಡಬ್ಯಾಡಬೇ, ಬರೋಬ್ಬರಿ ಬಿಸಿ ಇಡೂನು" ಎಂದು ಹೊಟ್ಟಿನ ಚೀಲ ಎಳೆದು ತಂದ. ಚೀಲಗಳನ್ನು ಗೋಡೆಗೆ ಆನಿಸಿ ಬಿಸಿ ಮಾಡಿದೆವು. ದೊಡ್ಡ ಬುಟ್ಟಿಯಲ್ಲಿ ಬೆಚ್ಚನೆಯ ಹೊಟ್ಟು, ಅದರ ಮೇಲೆ ಬಟ್ಟೆ ಸುತ್ತಿದ ತತ್ತಿ, ಮೇಲೆ ಮತ್ತೆ ಹೊಟ್ಟು. ನೆಲ್ಲಿನ ಹೊಟ್ಟು ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ, ಬಲಿತ ಮರಿಯೂ ತತ್ತಿಯೊಳಗಿಂದ ತನ್ನ ಬಿಸಿ ಕೊಡುತ್ತದೆ. ರೆಪ್ಪೆಗೆ ಹಚ್ಚಿ ನೋಡಿದೆ. ಹದವಾಗಿತ್ತು.

ಅಷ್ಟರಲ್ಲಿ ಹೇಮಗುಡ್ಡದ ಕಡೆಯಿಂದ ಮತ್ತೆ ಗುಡುಗಿತು. ಹನಮವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. ಕಬ್ಬಿಣವೆಂದು ಪೆಟ್ಟಿಗೆಯ ಪಕ್ಕ ಇಟ್ಟಿದ್ದ ಕುಡುಗೋಲಿನ ತುಂಡನ್ನು ಗಡಿಬಿಡಿಯಲ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದಳು. ನನಗೆ ಕೊಪ್ಪಳದಲ್ಲಿ ಮೀಟಿಂಗು ಇತ್ತು, ಹೊರಡಲೆಂದು ಕೈಯಲ್ಲಿ ಚಾವಿ ಹಿಡಿದು ಬಾಗಿಲಿಗೂ ಬುಟ್ಟಿಗೂ ಓಡಾಡುತ್ತಿದ್ದೆ. ಅವಳು ಎದ್ದು ಬಂದು ನನ್ನ ಕೈಯಿಂದ ಚಾವಿ ತೆಗೆದುಕೊಂಡಳು.

"ಇದೂ ಕಬ್ಬಿಣದ್ದ ಅಲ್ಲೇನ್ರಿ?"

"ಏ, ಹನಮವ್ವ, ನನಗ ಕೊಪ್ಪಳಕ್ಕ ಹೋಗಬೇಕು."

"ಕಬ್ಬಿಣ ಹೊರಗ ಇಡ್ರಿ ಅಂತ ನೀವ ಹೇಳೀರಿ. ಹೊರಗ ಇಡ್ತೀನಿ." ಚಾವಿಯನ್ನು ಬುಟ್ಟಿಯ ಅಂಚಿನ ಬಿದಿರಿಗೆ ಸಿಕ್ಕಿಸಿದಳು. "ಮರಿ ಬರೂ ತನಕ ತೆಗಿಯಾಂಗಿಲ್ಲ. ನೀವು ಬಂದಾಗಿಂದ ಕುಂತಿಲ್ಲ ಅಕ್ಕಾರ. ಕುಂದರ್ರಿ."

ಖಾಸಿಂಸಾಬ ಬೇರೆ ಕಡೆ ಮುಖ ಮಾಡಿ ನಕ್ಕ. ನಾನು ಹೊಟ್ಟಿನ ಚೀಲದ ಮೇಲೆ ಕೂತೆ. ಅವಳ ತಾಯಿಯ ಮನೆಯದು ಅಂತ ಇದ್ದದ್ದೆಲ್ಲ ಆ ಬುಟ್ಟಿಯಲ್ಲಿತ್ತು. ನನ್ನದು ಒಂದು ಮೀಟಿಂಗು.

ಕೂತದ್ದರಿಂದಲೇ ಒಂದು ಗೊತ್ತಾಯಿತು. ಗೋಡೆಯ ಕಡೆಯ ಮೂರು ತತ್ತಿಗಳು ಜಾಸ್ತಿ ಬಿಸಿಯಾಗುತ್ತಿದ್ದವು. ಎದ್ದು ಹೋಗಿದ್ದರೆ ಮಧ್ಯಾಹ್ನದೊಳಗೆ ಅವು ಹೋಗುತ್ತಿದ್ದವು. ಬುಟ್ಟಿಯನ್ನು ಗೇಣುದ್ದ ದೂರ ಸರಿಸಿ, ಆಚೆಯದನ್ನು ಈಚೆಗೆ ಮಾಡಿ, ಮತ್ತೆ ಕೂತೆ. ಮಧ್ಯಾಹ್ನ ಹಿರೇಮಠ ಡಾಕ್ಟರು ಕೊಡೆ ಹಿಡಿದು ಹುಡುಕಿಕೊಂಡು ಬಂದರು. ನಾನು ಕೂತಿರುವುದನ್ನು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು. ಕೊಪ್ಪಳಕ್ಕೆ ಫೋನು ಹಚ್ಚಿ, "ಅನ್ನಪೂರ್ಣ ಫೀಲ್ಡಿನ್ಯಾಗ ಅದಾರ್ರಿ, ಬರಾಕ ಆಗೂದಿಲ್ಲ" ಎಂದು ಹೇಳಿ, ಬಟ್ಟೆ ಒದ್ದೆ ಮಾಡಿ ಬುಟ್ಟಿಯ ಮೇಲೆ ಹಾಕಲು ಹೇಳಿ ಹೋದರು. ಅವರ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಕರೆಂಟು ಬಂದರೂ ಬುಟ್ಟಿಯನ್ನು ಮತ್ತೆ ಕುಲುಕುವುದು ಬೇಡವೆಂದು ಅಲ್ಲೇ ಬಿಟ್ಟೆವು. ಹನಮವ್ವ ಅಲ್ಲೇ ಉಳಿದಳು. ಖಾಸಿಂಸಾಬನ ಹೆಂಡತಿ ಅವಳಿಗೆ ರೊಟ್ಟಿ ಕಳಿಸುತ್ತಿದ್ದಳು. ಮಿಲ್ಲಿನ ಸಾಹುಕಾರರು ಒಮ್ಮೆ ನೋಡಿ ನಕ್ಕು ಹೋದರು. ನನ್ನ ಸ್ಕೂಟರು ಮಿಲ್ಲಿನ ಅಂಗಳದಲ್ಲಿ ಹೊಟ್ಟಿನ ಧೂಳು ತಿನ್ನುತ್ತಾ ನಿಂತಿತು. ಇನ್ನೊಂದು ಚಾವಿ ಎಂದೋ ಕಳೆದುಹೋಗಿತ್ತು. ನಾನು ಬಸ್ಸು ಹಿಡಿದು ಹಳ್ಳಿಗೆ, ಬಸ್ಸು ಹಿಡಿದು ಮಿಲ್ಲಿಗೆ ತಿರುಗುತ್ತಿದ್ದೆ. ಕಂಡಕ್ಟರುಗಳಿಗೂ ವಿಷಯ ಗೊತ್ತಾಗಿ, "ಆತೇನ್ರಿ ಅಕ್ಕಾರ?" ಎಂದು ಕೇಳತೊಡಗಿದರು.

ಇಪ್ಪತ್ತೊಂದನೆಯ ದಿನ ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಚೀಲ ಹೊರುವ ಹಮಾಲರು ಬಂದು ನೋಡಿ, ಹುಗಿದುಬಿಡಿ, ವಾಸನೆ ಬರುತ್ತದೆ ಎಂದರು. ತತ್ತಿಗಳು ನಡುವೆ ತಣ್ಣಗಾಗಿದ್ದವು, ತಡವಾಗುವುದು ಸಹಜ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕೈ ಕೇಳಬೇಕಲ್ಲ. ಒಂದನ್ನು ಒಡೆದು ನೋಡಿದರೆ ಉಳಿದವುಗಳ ಗತಿ ತಿಳಿಯುತ್ತದೆ ಎಂದು ಕೈ ಹಾಕಿದೆ. ಹನಮವ್ವ ತನ್ನ ಅಂಗೈಯನ್ನು ಬುಟ್ಟಿಯ ಮೇಲೆ ಅಡ್ಡ ಇಟ್ಟಳು.

"ನಿಮ್ಮವ್ವ ನಿಮ್ಮನ್ನ ಒಡದು ನೋಡಿದ್ಲೇನ್ರಿ?"

ನಾನು ಕೈ ಹಿಂದೆ ತೆಗೆದುಕೊಂಡೆ. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಸಂಜೆಯವರೆಗೆ ಅಲ್ಲೇ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಮಧ್ಯಾಹ್ನ ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಇಳಿದು ಹೋದಾಗ ಖಾಸಿಂಸಾಬ ಗೇಟಿನಲ್ಲೇ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ. ಒಳಗಿನಿಂದ ಸಣ್ಣ ಚಿಂವ್ ಚಿಂವ್. ಏಳರಲ್ಲಿ ಮೂರು ಬಂದವು. ಒದ್ದೆ ಆರಿದ ಮೇಲೆ ಹನಮವ್ವ ಒಂದನ್ನು ಅಂಗೈಯಲ್ಲಿ ಎತ್ತಿ ಕಾಲು ನೋಡಿದಳು. ಕಾಲಿನುದ್ದಕ್ಕೂ ತುಪ್ಪಳ ಇತ್ತು. ನನ್ನ ಚಾವಿಯನ್ನು ಬಿದಿರಿನಿಂದ ಬಿಡಿಸಿ, ಸೆರಗಿನಿಂದ ಒರೆಸಿ ಕೊಟ್ಟಳು. ನಾನು ಅತ್ತುಬಿಟ್ಟೆ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಕೋಳಿಯ ಕೆಲಸ ನಿಮಗೆ ಗೊತ್ತಿಲ್ಲ. ಮೂರೂ ಹುಂಜವಾದರೆ? ತವರಿನ ಬಳ್ಳಿ ಮುಂದುವರಿಯಲು ಒಂದಾದರೂ ಹ್ಯಾಟಿ ಬೇಕು, ಮರಿಯನ್ನು ನೋಡಿ ಅದನ್ನು ಹೇಳಲಾಗದು. ಮೂರಕ್ಕೂ ಲಸಿಕೆ ಹಾಕಿ ಮತ್ತೆ ಕಾದೆವು. ತಿಂಗಳು ದಾಟಿದ ಮೇಲೆ ಒಂದಕ್ಕೆ ಜುಟ್ಟು ಕೆಂಪಾಯಿತು, ಅದು ಹುಂಜ. ಆಮೇಲೆ ಇನ್ನೊಂದಕ್ಕೆ. ಮೂರನೆಯದರ ಬಗ್ಗೆ ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಿರಲಿಲ್ಲ. ಹನಮವ್ವನೂ ಕೇಳಲಿಲ್ಲ. ಅಷ್ಟರಲ್ಲಿ ನನ್ನ ನಿವೃತ್ತಿಯ ದಿನ ಬಂತು. ಶಾಲು, ಹಾರ, ಭಾಷಣ. ಡಾಕ್ಟರು ಮಾತಾಡುತ್ತಿರುವಾಗಲೂ ನನ್ನ ಕಣ್ಣು ಬಾಗಿಲ ಕಡೆಗೇ. "ಅನ್ನಪೂರ್ಣ ಅವರು ಇವತ್ತೂ ಕುಂತಿಲ್ಲ, ನೋಡ್ರಿ" ಎಂದರು ಮೈಕಿನಲ್ಲೇ. ಎಲ್ಲರೂ ನಕ್ಕರು. ಮುಗಿದ ಕೂಡಲೇ ಶಾಲು ಹೊದ್ದುಕೊಂಡೇ ಮರಳಿಗೆ ಹೋದೆ. ಮೂರನೆಯದು ಬೇಲಿಯ ಬುಡ ಕೆದರುತ್ತಿತ್ತು. ಹಿಡಿದು ನೋಡಿದೆ. ಜುಟ್ಟು ಇನ್ನೂ ಬಿಳಿಚು, ಕುತ್ತಿಗೆಯ ಗರಿಯ ತುದಿ ದುಂಡಗೆ.

"ಹ್ಯಾಟಿ ಐತಿ ಹನಮವ್ವ" ಎಂದೆ. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. "ಗೊತ್ತಿತ್ರಿ. ನಿಮ್ಮ ಬಾಯಿಂದ ಬರ್ಲಿ ಅಂತ ಸುಮ್ಮನಿದ್ದೆ" ಎಂದಳು.

ಆ ಕೋಳಿ ದೊಡ್ಡದಾಗಿ, ತತ್ತಿ ಇಟ್ಟು, ಮರಿ ಮಾಡಿತು. ಒಂದು ಬೆಳಿಗ್ಗೆ ಹನಮವ್ವ ಬುಟ್ಟಿ ಹೊತ್ತು ಗಂಗಾವತಿಯ ನಮ್ಮ ಮನೆಗೆ ಬಂದಳು. ಬುಟ್ಟಿಯಲ್ಲಿ ಕಾಲಿಗೆ ಗರಿಯಿರುವ ಒಂದು ಹ್ಯಾಟಿ. ನಾನು ಬೆಲೆ ಕೇಳಲು ಬಾಯಿ ತೆರೆದೆ. ಅಷ್ಟು ವರ್ಷ 'ಅಕ್ಕಾರ' ಎಂದೇ ಕರೆದವಳು ನನ್ನ ಹೆಸರು ಹಿಡಿದಳು.

"ಅನ್ನಪೂರ್ಣಾ, ಇದು ಮಾರೂ ಕೋಳಿ ಅಲ್ಲವಾ. ಮಗಳಿಗೆ ಕೊಡೂದು. ತಗೋ."

ಹೊಸದಾಗಿ ಸೇರಿದ ಹುಡುಗಿಯರೇ, ಮಷೀನಿನ ಬಿಸಿ ಎಷ್ಟಿರಬೇಕು, ನೀರು ಎಷ್ಟಿಡಬೇಕು ಎಲ್ಲ ನಿಮ್ಮ ಫೋನಿನಲ್ಲಿದೆ. ಅದನ್ನು ನಾನು ಹೇಳಬೇಕಾಗಿಲ್ಲ. ಹನಮವ್ವ ಕೊಟ್ಟ ಕೋಳಿ ಈಗ ನಮ್ಮ ಹಿತ್ತಲಲ್ಲಿ ಮೊದಲ ಸಲ ಕಾವಿಗೆ ಕೂತಿದೆ. ನಾಳೆಯೋ ನಾಡಿದ್ದೋ ಮರಿ ಹೊರಬರಬೇಕು. ಮಧ್ಯಾಹ್ನದಿಂದ ಮೋಡ ಕವಿದು ದೂರದಲ್ಲಿ ಗುಡುಗುತ್ತಿದೆ, ಎದ್ದು ಹೋಗಿ ಬುಟ್ಟಿ ನೋಡಿ ಬಂದದ್ದು ಎಷ್ಟನೆಯ ಸಲವೋ ಲೆಕ್ಕ ತಪ್ಪಿದೆ. ಮನೆಯವರು, "ಅಷ್ಟು ತಳಮಳ ಇದ್ರ ಎಲ್ಲರೆ ತಿರುಗಾಡಿ ಬಾ, ಸ್ಕೂಟರ್ ಐತಲ್ಲ" ಅನ್ನುತ್ತಿದ್ದಾರೆ. ಸ್ಕೂಟರು ಇದೆ. ಅದರ ಚಾವಿ ಬುಟ್ಟಿಯ ಅಂಚಿನಲ್ಲಿದೆ. ಮರಿ ಬರುವ ತನಕ ತೆಗೆಯುವಂತಿಲ್ಲ.